ದಂಡಿನ ಮಗಳು, ಚನ್ನಪಟ್ಟಣದ ಸೊಸೆ

ಬೇರೆ ರಾಜ್ಯದ ಲಿಸ್ಲ್ ಊರಿನ ಬ್ರಿಟಿಷ್ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಲಲಿತಮ್ಮ ಒಂದೇ ಮಾತನ್ನು ಜಪದ ಹಾಗೆ ಹೇಳಿಕೊಳ್ಳುತ್ತಿದ್ದರು: "ನಾನು ದಂಡಿನವಳು. ನಾನು ದಂಡಿನವಳು."

"ಸಾಕು ಕಣೇ, ಕಾರಿಗೂ ಬಾಯಿಪಾಠ ಆಯ್ತು," ಎಂದರು ಸ್ಟೀರಿಂಗ್ ಹಿಡಿದಿದ್ದ ಗಂಡ ಸತೀಶ.

ನಗುವ ಹೊತ್ತಲ್ಲ. ಮಗಳು ಛಾಯಾ ಕೆನಡಾದ ವಿಂಡ್ಸರ್‌ನಲ್ಲಿ ತುಂಬು ಗರ್ಭಿಣಿ. ಇವರಿರುವ, ಮಿಷಿಗನ್ ರಾಜ್ಯದ ಕ್ಯಾಂಟನ್ನಿನಿಂದ ಡೆಟ್ರಾಯಿಟ್‌ಗೆ ಅರ್ಧ ಗಂಟೆ; ಅಲ್ಲೊಂದು ಹೊಳೆ, ಆಚೆ ದಡವೇ ವಿಂಡ್ಸರ್. ಆದರೆ ಹೊಳೆಯ ಮೇಲಿನ ಸೇತುವೆ ಈಗ ಇವರಂಥ ಮೈಸೂರು ದೇಶದವರಿಗೆ ಮುಚ್ಚಿದೆ.

ಎಲ್ಲಾ ಆ ದಂಡಿನ ಜಗಳ. ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಎಲ್ಲವನ್ನೂ ಬಿಟ್ಟು ಹೋದರು, ಬೆಂಗಳೂರಿನ ದಂಡು ಪ್ರದೇಶವೊಂದನ್ನು ಬಿಡಲಿಲ್ಲ. ಪೇಟೆ ಮೈಸೂರು ದೇಶದ್ದು, ದಂಡು ಲಂಡನ್ನಿನದು. ಅಲ್ಲಿಯ ತನಕ ಬ್ರಿಟನ್ನಿನ ನೆಂಟನಾಗಿದ್ದ ಅಮೆರಿಕ ಹೋದ ವರ್ಷ ಈ ಜಗಳದಲ್ಲಿ ಮೈಸೂರಿನ ಕಡೆಗೆ ವಾಲಿತು. ಸಿಟ್ಟಿಗೆದ್ದ ಬ್ರಿಟನ್, ಕೆನಡಾದ ಬಾಗಿಲನ್ನು ಮೈಸೂರಿನವರ ಮುಖಕ್ಕೇ ಹಾಕಿಸಿತು. ಛಾಯಾ ಬಾಣಂತನಕ್ಕೆಂದು ತವರಿಗೆ ಬಂದರೆ ಮತ್ತೆ ಗಂಡನ ಮನೆಗೆ ಹೋಗುವ ಹಾಗಿಲ್ಲ. ತಾಯಿಯೇ ಹೋಗಬೇಕು.

ಉಳಿದಿದ್ದು ಒಂದೇ ಕಿಂಡಿ. ದಂಡಿನವರಿಗೆ ಸೇತುವೆ ತೆರೆದಿದೆ. ಲಲಿತಮ್ಮ ಹುಟ್ಟಿದ್ದು ದಂಡಿನಲ್ಲೇ. ಅವರಮ್ಮನ ತವರು ಅಲ್ಲಿ. ಆದರೆ ಬರೀ ಹುಟ್ಟಿದರೆ ಸಾಲದು. ಪೇಟೆಯ ಸೊಸೆಯರಲ್ಲಿ ಅರ್ಧಕ್ಕರ್ಧ ಮಂದಿ ಹೆರಿಗೆಗೆ ದಂಡಿನ ತವರಿಗೇ ಹೋಗುತ್ತಿದ್ದವರು. ಹುಟ್ಟಿದ ಜಾಗ ಹಿಡಿದು ಹೊರಟರೆ ಪೇಟೆಯ ಅರ್ಧ ಜನ ಬ್ರಿಟಿಷರ ಪಾಲಾಗುತ್ತಿದ್ದರು. ಅದಕ್ಕೇ ಬ್ರಿಟನ್ನಿಗೂ ಮೈಸೂರಿಗೂ ಆದ ಒಪ್ಪಂದದಲ್ಲಿ ಬೇರೆ ದಾರಿ ಹುಡುಕಿದ್ದರು: ದಂಡಿನಲ್ಲಿ ಹುಟ್ಟಿದವರು ಅಧಿಕಾರಿಯ ಎದುರು, ತಾಯ್ನುಡಿಯಲ್ಲಿ, ತಮ್ಮ ಊರು ಯಾವುದೆಂದು ಬಾಯಿಬಿಟ್ಟು ಹೇಳಬೇಕು. ಒಂದೇ ಸಲ. ಹೇಳಿದ್ದೇ ಕೊನೆ.

ಬ್ರಿಟಿಷ್ ಕಚೇರಿಯಲ್ಲಿ ಅಧಿಕಾರಿ ಗಂಟುಮುಖ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿದ್ದ ದುಭಾಷಿ ಸಂಗನಬಸಪ್ಪ ಧಾರವಾಡದ ಕಡೆಯವರು. ಲಲಿತಮ್ಮನ ಕುಂಕುಮ, ಕೋಟಿನ ಕೆಳಗೆ ಇಣುಕುವ ಸೀರೆ ಕಂಡದ್ದೇ ಅವರ ಮುಖ ಅರಳಿತು.

"ಬರ್ರಿ ತಾಯಿ, ಕೂಡ್ರಿ. ಥಂಡಿ ಭಾಳ ಐತಿ. ಚಾ ಆತೇನ್ರಿ?"

"ಆಯ್ತಪ್ಪ. ನಿಮ್ದು?"

ಹೊರಗಿನವರೊಬ್ಬರು ಹೀಗೆ ಕೇಳಿ ಎಷ್ಟು ಕಾಲವಾಗಿತ್ತು! ಎದೆಯೊಳಗಿನ ಗಂಟು ತಾನಾಗಿ ಸಡಿಲವಾಯಿತು. ಅಧಿಕಾರಿ ಇಂಗ್ಲಿಷಿನಲ್ಲಿ ಏನೋ ಗೊಣಗಿದ. ಸಂಗನಬಸಪ್ಪ ಅದೇ ಅಕ್ಕರೆಯ ದನಿಯಲ್ಲಿ ಇತ್ತ ತಿರುಗಿದರು.

"ಮತ್ತ, ನಿಮ್ಮೂರು ಯಾವುದ್ರಿ ತಾಯಿ?"

"ನಮ್ಮೂರು ಚನ್ನಪಟ್ಟಣ," ಎಂದರು ಲಲಿತಮ್ಮ.

ಮದುವೆಯಾದ ಹೆಂಗಸಿಗೆ ಊರು ಯಾವುದೆಂದರೆ ಗಂಡನ ಊರೇ ತಾನೇ ಬಾಯಿಗೆ ಬರುವುದು? ಸೀಮಂತದ ಮನೆಯಲ್ಲಿ, ಗುಡಿಯಲ್ಲಿ, ನಮ್ಮವರ ಅಂಗಡಿಯ ಕರಿಬೇವಿನ ರಾಶಿಯ ಮುಂದೆ, ಇಷ್ಟು ವರ್ಷವೂ ಇದೇ ಪ್ರಶ್ನೆ, ಇದೇ ಉತ್ತರ.

ಸಂಗನಬಸಪ್ಪನ ಮುಖ ಬಿಳಿಚಿತು. ಚನ್ನಪಟ್ಟಣ ಯಾರ ಕಡೆಯದೆಂದು ಅಧಿಕಾರಿಗೂ ಗೊತ್ತಿತ್ತು; ಅನುವಾದ ಬೇಕಾಗಲಿಲ್ಲ.

"ಅಯ್ಯೋ, ಅಲ್ಲ! ಅದು ನಮ್ಮೆಜಮಾನ್ರ ಊರು. ನಾನು ದಂಡಿನವಳು!"

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ರಿ ತಾಯಿ," ಎಂದ ಸಂಗನಬಸಪ್ಪ ತಲೆ ಎತ್ತಲಿಲ್ಲ. ಅಧಿಕಾರಿ ಮುಂದಿನವರನ್ನು ಕರೆದ.

ಮರಳುವಾಗ ಕಾರು ಮಿಷಿಗನ್ ಗಡಿ ದಾಟಿತು. ಆಮೇಲೆ ಸತೀಶ ಮೆಲ್ಲಗೆ, "ನನ್ನ ಕಟ್ಕೊಂಡಿದ್ದಕ್ಕೆ..." ಎಂದರು.

"ಸುಮ್ನಿರಿ. ಚನ್ನಪಟ್ಟಣ ಅಂದ್ರೆ ಬೊಂಬೆ ಊರು. ಕೂರಿಸಿದ ಕಡೆ ಕೂತಿರೋದೇ ನನ್ನ ಹಣೇಲಿ ಬರ್ದಿರೋದು."

ಮಗು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂತೆಂದು ತಿಳಿದ ದಿನ ಲಲಿತಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸತೀಶ ಅವರನ್ನು ಡೆಟ್ರಾಯಿಟ್‌ನ ಹೊಳೆದಂಡೆಗೆ ಕರೆತಂದರು. ಆಚೆ ದಡದ ಕಟ್ಟಡಗಳಲ್ಲಿ ಒಂದು ಕಿಟಕಿ ಛಾಯಾಳದು, ಯಾವುದೆಂದು ಗೊತ್ತಿಲ್ಲ. ಫೋನಿನಲ್ಲಿ ಮಗಳು.

"ಅಮ್ಮ, ಐ ಆಮ್ ಸೋ ಸ್ಕೇರ್ಡ್. ಸ್ನಾನದ ನೀರು ಎಷ್ಟು ಬಿಸಿ ಇರ್ಬೇಕು? ಎಷ್ಟು ಡಿಗ್ರಿ?"

"ಡಿಗ್ರಿ ಗಿಗ್ರಿ ಬೇಡ ಕಣೇ. ಮೊಣಕೈ ಅದ್ದಿ ನೋಡು, ಅದೇ ಹೇಳತ್ತೆ."

"ಎಲ್ಬೋನಾ? ವಿಚ್ ಒನ್?"

"ಯಾವುದಾದ್ರೂ ಆಗತ್ತೆ, ಪೆದ್ದಿ."

ನೀರಿನ ಸಪ್ಪಳ. ಮಗುವಿನ ಅಳು.

"ಗೊತ್ತಾಗ್ತಿಲ್ಲಮ್ಮ. ನಂಗೆ ಗೊತ್ತಾಗ್ತಿಲ್ಲ. ನೀನೇ ಹೇಳು."

ಲಲಿತಮ್ಮ ತಮಗೇ ತಿಳಿಯದ ಹಾಗೆ ಕೋಟಿನ ತೋಳು ಮಡಚಿದ್ದರು. ಬರಿಯ ಮೊಣಕೈಯನ್ನು ದಂಡೆಯ ಕಂಬಿಯಾಚೆ, ಹೊಳೆಯ ಕೊರೆಯುವ ಗಾಳಿಗೆ ಚಾಚಿ ನಿಂತಿದ್ದರು.

"ತಡಿ," ಎಂದರು. "ನೋಡ್ತೀನಿ, ತಡಿ."