ಓರಗಿತ್ತಿಯ ಐದು ಸೊನ್ನೆ

ನಾನು ಈ ಮನೆಗೆ ಎರಡನೆಯ ಸೊಸೆ. ಮೊದಲನೆಯವಳು ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕೂ ಟೈರಿನ ಗಾಳಿ ಹೋಗಿ ಕುಸಿದು ನಿಂತಿದ್ದಳು. ನನ್ನ ಗಂಡ ಒಬ್ಬನೇ ಮಗ, ಅವರಿಗೆ ನಾನೊಬ್ಬಳೇ ಹೆಂಡತಿ. ಆದರೂ ಅತ್ತೆಯ ಲೆಕ್ಕದಲ್ಲಿ ಹಿರೀ ಸೊಸೆ ಎಂದರೆ ಆ ಹಳೇ ಪಿಕಪ್ಪು. "ಅವಳು ಕಾಲಿಟ್ಟ ಮೇಲೇ ಕಣೇ ಈ ಮನೇಲಿ ಎರಡು ಹೊತ್ತೂ ಒಲೆ ಹೊತ್ತಿದ್ದು," ಎಂದು ಅತ್ತೆ ಹೇಳಿದಾಗಲೆಲ್ಲ, ಹಾಗಾದರೆ ನಾನು ಕಾಲಿಟ್ಟ ಮೇಲೆ ಏನಾಯಿತು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ತುಕ್ಕು ಹಿಡಿದ ಓರಗಿತ್ತಿಯನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾಳೆ ಎಂಬ ಹೆಸರು ಯಾರಿಗೆ ಬೇಕು?

ಅತ್ತೆ, ಮಾವ ಇಬ್ಬರೂ ಸೇರಿ ಆ ಗಾಡಿಯಲ್ಲಿ ಮೀನಿನಂಗಡಿಗಳಿಗೆ ಐಸ್ ಸಾಗಿಸುತ್ತಿದ್ದರು. ಹೋಗುವಾಗ ಐಸ್ ಕರಗಿದ ನೀರು, ಬರುವಾಗ ಖಾಲಿ ಬುಟ್ಟಿಗಳ ಉಪ್ಪುನೀರು. ಗಾಡಿ ವರ್ಷಗಟ್ಟಲೆ ಅದನ್ನೇ ಕುಡಿಯಿತು. ಓಡಿದ್ದಕ್ಕೆ ಲೆಕ್ಕವೇ ಇರಲಿಲ್ಲ. ಯಾಕೆಂದರೆ ಅದರ ಕಿಲೋಮೀಟರ್ ಮೀಟರಿನಲ್ಲಿ ಇದ್ದದ್ದು ಐದೇ ಅಂಕಿ, ಅವುಗಳ ಪಕ್ಕದಲ್ಲಿ ಚೂರುಪಾರು ತೋರಿಸುವ ಒಂದು ಕೆಂಪು ಅಂಕಿ. ಐದೂ ಒಂಬತ್ತುಗಳಾದ ಮೇಲೆ ಮುಂದೆ ಹೋಗಲು ಜಾಗವಿಲ್ಲದೆ ಐದೂ ಸೊನ್ನೆಯಾಗಿ, ಗಾಡಿ ಈಗಷ್ಟೇ ಹುಟ್ಟಿದ ಹಾಗೆ ಮತ್ತೆ ಶುರು.

ಹೀಗೆ ಮೂರು ಸಲ ಆಗಿತ್ತು. ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಇಬ್ಬರಿಗೂ. ಮೊದಲನೆಯ ಸಲ ಗಂಡಹೆಂಡಿರು ಗಾಡಿಯಲ್ಲೇ ಜಗಳಕ್ಕೆ ಬಿದ್ದಿದ್ದರು. ರಾಜಿಯಾಗಿ ಕಣ್ಣು ಹಾಯಿಸುವಷ್ಟರಲ್ಲಿ ಸೊನ್ನೆಗಳು ದಾಟಿ ಹೋಗಿದ್ದವು. ಎರಡನೆಯ ಸಲ ಮಾವ ಏನೋ ಕಥೆ ಹೇಳಿ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಆ ಕ್ಷಣವನ್ನು ತಪ್ಪಿಸಿಕೊಂಡರು. ಮೂರನೆಯ ಸಲ ಅತ್ತೆ ಜ್ವರ ಬಂದು ಮಲಗಿದ್ದರು. ಮಾವ ಒಬ್ಬರೇ ಹೋದವರು ಓಡೋಡಿ ಮನೆಗೆ ಬಂದು, "ನೋಡಿಬಿಟ್ಟೆ ಕಣೇ," ಎಂದರು. ಇಳಿಜಾರಿನ ನೆತ್ತಿಯಲ್ಲಿ ಡೀಸೆಲ್ ಮುಗಿಯಿತಂತೆ. ಗಾಡಿ ಸದ್ದಿಲ್ಲದೆ ಕೆಳಗೆ ಉರುಳುವಾಗ ಐದೂ ಅಂಕಿ ಒಟ್ಟಿಗೆ ಮಗುಚಿದವಂತೆ. ಮಗುಚಿದ ಕೂಡಲೇ ಮೀಟರಿನ ಒಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಒಂದು ಸದ್ದು ಬಂತಂತೆ.

ಅತ್ತೆ ನಂಬಲಿಲ್ಲ. "ನನ್ನ ಹೊಟ್ಟೆ ಉರಿಸೋಕೆ ಕಟ್ಟಿದ್ದು," ಎಂದರು. ಅವತ್ತಿನಿಂದ ಮಾವನಿಗೆ ಮನೆಯಲ್ಲಿ 'ಸುಳ್ಳ' ಎಂದೇ ಹೆಸರು. ಮಾವನೂ ಸೋಲುವವರಲ್ಲ. ಕೊನೆಗೆ ಹಾಸಿಗೆ ಹಿಡಿದು ಮಾತು ನಿಂತಾಗಲೂ, ಅತ್ತೆ ಹತ್ತಿರ ಬಂದರೆ ನಾಲಿಗೆಯಲ್ಲಿ ಒಮ್ಮೆ ಲೊಚ್ ಅನ್ನಿಸುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರು ಇರಲಿಲ್ಲ. ಗಾಡಿಯೂ ಶೆಡ್ಡು ಸೇರಿತ್ತು, ನಾಲ್ಕನೆಯ ಸಲದ ಸೊನ್ನೆಗಳಿಗೆ ಇನ್ನು ಒಂಬತ್ತೇ ಕಿಲೋಮೀಟರ್ ಉಳಿಸಿಕೊಂಡು.

ಕಳೆದ ವರ್ಷ ಇವರು ಗುಜರಿಯವನನ್ನು ಕರೆದುಕೊಂಡು ಬಂದರು. ಅತ್ತೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಗುಜರಿಯವನು ಒಂದು ಗಂಟೆ ಕಾದು ಹೋದ.

"ಅವರು ಹೇಳಿದ್ದು ಸುಳ್ಳೋ ನಿಜವೋ ನನಗೆ ಗೊತ್ತಾಗ್ಬೇಕು," ಎಂದರು ಅತ್ತೆ ಕಿಟಕಿಯಿಂದ. "ಈ ಸಲ ಸೊನ್ನೆ ತಿರುಗೋವಾಗ ಸ್ಟೀರಿಂಗು ನನ್ನ ಕೈಯಲ್ಲೇ ಇರ್ಬೇಕು. ಆಮೇಲೆ ಬೇಕಾದ್ರೆ ಇಬ್ಬರನ್ನೂ ಗುಜರಿಗೆ ಹಾಕ್ಕೊಳ್ಳಿ."

ನಾನು ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವವಳು. ಇವರು ಬೇಕರಿ ನಡೆಸುವವರು. ಇಂಜಿನ್ನನ್ನು ಮೂಲೆ ಗ್ಯಾರೇಜಿನ ಮೇಸ್ತ್ರಿ ಬಿಚ್ಚಿಕೊಂಡು ಹೋದ. ಉಳಿದದ್ದೆಲ್ಲ ನಮ್ಮ ತಲೆಗೆ ಬಂತು. ನಾನು ಸುತ್ತಿಗೆ ಹಿಡಿದು ಓರಗಿತ್ತಿಯ ಮೈಯೆಲ್ಲ ತಟ್ಟಿ ನೋಡಿದೆ. ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೇ ತಿಂದುಹೋದದ್ದು ಬೊದ್ ಎನ್ನುತ್ತದೆ. ಇವಳು ತಟ್ಟಿದಲ್ಲೆಲ್ಲ ಬೊದ್ ಎಂದಳು, ಎರಡು ಕಡೆ ಸುತ್ತಿಗೆಯನ್ನೇ ನುಂಗಿದಳು. ಬೆಳಕಿಗಾಗಿ ಗಾಡಿಯನ್ನು ಹೊರಗೆ ತರಬೇಕಾಗಿ ಬಂದಾಗ, ಟೈರಿಗೆ ಗಾಳಿ ತುಂಬಿಸಿ, ನಾವಿಬ್ಬರೂ ಹಿಂದುಹಿಂದಕ್ಕೆ ತಳ್ಳಿದೆವು. ಒಳಗೆ ಕೂತಿದ್ದ ಅತ್ತೆ ಕೂಗಿಕೊಂಡರು.

"ನಿಲ್ಸಿ, ನಿಲ್ಸಿ. ಕೆಂಪಂಕಿ ಹಿಂದಕ್ಕೆ ಹೋಗ್ತಿದೆ. ಕಷ್ಟಪಟ್ಟು ಓಡಿಸಿದ್ದನ್ನ ಕಳೀತಿದ್ದೀರಲ್ರೋ."

ಆಮೇಲೆ ಎಷ್ಟು ಹಿಂದಕ್ಕೆ ತಳ್ಳಿದ್ದೆವೋ ಅಷ್ಟನ್ನೂ ಮುಂದಕ್ಕೆ ತಳ್ಳಿಸಿಯೇ ಬಿಟ್ಟರು. ನಾನು ಬೈದುಕೊಂಡೇ ತಳ್ಳಿದೆ. ಕೊನೆಗೆ ಶೆಡ್ಡಿನ ಹಿಂದಿನ ಗೋಡೆ ಒಡೆದು ಬೆಳಕು ಮಾಡಿಕೊಂಡೆವು.

ಕೊಳೆತ ತಗಡನ್ನು ಕತ್ತರಿಸಿ ತೆಗೆದಾಗ ಉಳಿದ ಗಾಡಿ ಎಷ್ಟು ಕಡಿಮೆಯಿತ್ತೆಂದರೆ ನನಗೇ ಪಾಪ ಅನ್ನಿಸಿತು. ಹೊಸ ತಗಡು ಬೆಸೆದೆ. ತಿರುಗದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಬೆಂಕಿ ತೋರಿಸಿ, ಸಿಟ್ಟು ಬಂದಾಗ ಬಾಯಿಗೆ ಬಂದದ್ದನ್ನೂ ಅಂದು ಬಿಚ್ಚಿದೆ. ಬ್ರೇಕುಗಳನ್ನು ಹೊಸದಾಗಿ ಕೂರಿಸಿದೆ. ಇವರು ಬೇಕರಿ ಮುಚ್ಚಿ ಬಂದು ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದರು. ಪುಟ್ಟಿ ಬಳಿಯುವುದರಲ್ಲಂತೂ ಅವರನ್ನು ಮೀರಿಸುವವರಿಲ್ಲ. ಕೇಕಿನ ಅಂಚು ತೀಡಿದ ಹಾಗೆ ತೀಡಿ, ತಡೆಯಲಾರದೆ ಬಾಗಿಲ ಮೇಲೆ ಒಂದು ಪುಟ್ಟ ಗುಲಾಬಿ ಹೂವನ್ನೂ ಮಾಡಿದ್ದರು. ನಾನು ಉಜ್ಜಿ ತೆಗೆದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು.

ನೀಲಿ ಬಣ್ಣ ಒಣಗಿತು. ಮೇಸ್ತ್ರಿ ಇಂಜಿನ್ ಕೂರಿಸಿ ಕೀಲಿ ತಿರುಗಿಸಿದ. ಓರಗಿತ್ತಿ ಒಂದು ಸಲ ಕೆಮ್ಮಿದಳು, ಇನ್ನೊಂದು ಸಲ ಕೆಮ್ಮಿದಳು, ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಗುಡುಗಿದಳು. ನಾವೆಲ್ಲ ಕುಣಿದದ್ದೇ ಕುಣಿದದ್ದು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ನಾನು ಅವಳ ಬಾನೆಟ್ಟಿಗೆ ಮುತ್ತು ಕೊಟ್ಟು ತುಟಿ ಸುಟ್ಟುಕೊಂಡೆ.

ಅತ್ತೆ ಮಾತ್ರ ಹತ್ತಲಿಲ್ಲ. "ಹೊಸ ಕನ್ನಡಕ ಇವತ್ತು ಬರುತ್ತೆ. ಮಬ್ಬುಗಣ್ಣಲ್ಲಿ ನೋಡೋದು ಬೇಡ. ನಾನು ಬರೋವರೆಗೂ ಯಾರೂ ಮುಟ್ಬೇಡಿ," ಎಂದು ಕನ್ನಡಕದ ಅಂಗಡಿಗೆ ನಡೆದುಕೊಂಡು ಹೋದರು. ಮೇಸ್ತ್ರಿಯೂ ಹೋದ. ನಾನು ಕೈಯ ಗ್ರೀಸ್ ತೊಳೆಯಲು ಒಳಗೆ ಹೋದೆ.

ಹೊರಗೆ ಬಂದರೆ ಗಾಡಿಯೂ ಇಲ್ಲ, ಗಂಡನೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹಾರ್ನ್ ಬಾರಿಸಿಕೊಂಡು ಬಂದರು. ಬೀದಿಯ ತುದಿಯವರೆಗೆ ಎಂದು ಹೊರಟವರಂತೆ. ಕ್ಲಚ್ಚು ಬೆಣ್ಣೆಯ ಹಾಗಿತ್ತಂತೆ, ಗಾಳಿ ಬೀಸುತ್ತಿತ್ತಂತೆ, ಹಾಗೇ ಪೇಟೆ ದಾಟಿ ಇನ್ನೂ ಎಲ್ಲೆಲ್ಲೋ ಹೋಗಿಬಿಟ್ಟರಂತೆ. ಮುಖ ಅರಳಿ ತಟ್ಟೆಯಷ್ಟಾಗಿತ್ತು. ನಾನು ಕಿಟಕಿಯಿಂದ ಬಗ್ಗಿ ಮೀಟರ್ ನೋಡಿದೆ. ನಾಲ್ಕು ಸೊನ್ನೆ, ಕೊನೆಗೆ ಒಂದು ಏಳು.

"ಸೊನ್ನೆ ತಿರುಗಿದ್ದು ನೋಡಿದ್ರಾ?" ಎಂದೆ.

"ಯಾವ ಸೊನ್ನೆ?" ಎಂದರು. ಮರುಕ್ಷಣ ಅರ್ಥವಾಗಿ ಹಣೆ ಚಚ್ಚಿಕೊಂಡರು.

ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಬರುತ್ತಿರುತ್ತಾರೆ, ಇದನ್ನೊಂದು ನೋಡಲೆಂದೇ. ಇನ್ನು ಒಂದು ಲಕ್ಷ ಕಿಲೋಮೀಟರ್ ಓಡಿಸಲು ಅವರಿಗಾಗಲೀ ಗಾಡಿಗಾಗಲೀ ಆಯಸ್ಸು ಇರಲಿಲ್ಲ. ಆಗ ನೆನಪಾಯಿತು, ತಳ್ಳುವಾಗ ಹಿಂದಕ್ಕೆ ಹೋದ ಕೆಂಪಂಕಿ.

"ರಿವರ್ಸ್ ಹಾಕಿ," ಎಂದೆ.

ಇವರು ಕಣ್ಣು ಪಿಳಿಪಿಳಿ ಬಿಟ್ಟರು. "ಏಳು ಕಿಲೋಮೀಟರಾ?"

"ಎಂಟು. ಒಂದು ಹೆಚ್ಚಿಗೆ ಇರ್ಲಿ. ಹೊರಡಿ."

ಹೊರಟೆವು, ಹಿಂದುಹಿಂದಕ್ಕೆ. ಇವರು ಗೋಣು ತಿರುಗಿಸಿ ಓಡಿಸಿದರು, ನಾನು ಹಿಂದಿನ ಗಾಜಿಗೆ ಮೂಗು ಒತ್ತಿ ದಾರಿ ಹೇಳಿದೆ. ನಾನು ಎಡಕ್ಕೆ ಅಂದರೆ ಇವರು ಬಲಕ್ಕೆ. ದರ್ಜಿ ಹೊಲಿಗೆ ಬಿಟ್ಟು ಹೊರಗೆ ಬಂದ. ಒಂದು ನಾಯಿ ಮುಂದೆ ಬೊಗಳಬೇಕೋ ಹಿಂದೆ ಬೊಗಳಬೇಕೋ ತಿಳಿಯದೆ ಸುಮ್ಮನೆ ಕೂತುಬಿಟ್ಟಿತು. ಅಂಕಿ ಆರಾಯಿತು, ಐದಾಯಿತು. ಭಯದ ಮಧ್ಯೆಯೂ ನನಗೆ ನಗು ಉಕ್ಕುತ್ತಿತ್ತು. ಅಂಕಿ ನಾಲ್ಕಕ್ಕೆ ಬರುತ್ತಿದ್ದ ಹಾಗೇ ತಿರುವಿನಲ್ಲಿ ಅತ್ತೆ ನಿಂತಿದ್ದರು. ಹೊಸ ಕನ್ನಡಕದಲ್ಲಿ ಎರಡು ಕಣ್ಣೂ ದೊಡ್ಡದಾಗಿ ಕಂಡವು.

"ಬೆನ್ನು ತೋರಿಸ್ಕೊಂಡು ಎಲ್ಲಿಗ್ರೋ ಸವಾರಿ?" ಎಂದು ಹತ್ತಿರ ಬಂದವರು ಒಳಗೆ ಬಗ್ಗಿ ಮೀಟರ್ ನೋಡಿದರು. ಇವರು, "ಅಮ್ಮಾ, ಸುಮ್ನೆ ಒಂದು ರೌಂಡ್ ಅಂತ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು.

ಅತ್ತೆ ಹಿಂದೆ ಸರಿದು ರಸ್ತೆಬದಿಯ ಕಟ್ಟೆಯ ಮೇಲೆ ಕೂತರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹಾಗಾದ್ರೆ ಇದೂ ಹೋಯ್ತು," ಎಂದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹೋಗಿಲ್ಲ ಅತ್ತೆ, ವಾಪಸ್ ಬರ್ತಿದೆ," ಎಂದೆ. "ಏಳಿತ್ತು, ಆಗ್ಲೇ ನಾಲ್ಕಕ್ಕೆ ತಂದಿದ್ದೀವಿ. ನೀವೇ ಅಲ್ವಾ ಅವತ್ತು ಹಿಂದಕ್ಕೆ ಹೋಗ್ತಿದೆ ಅಂತ ಬೈದಿದ್ದು."

ಅತ್ತೆ ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು. ನಿಧಾನವಾಗಿ ಕನ್ನಡಕ ಏರಿಸಿ ಎದ್ದರು. ಮಗನಿಗೆ ಒಂದೇ ಮಾತು ಹೇಳಿದರು: "ಇಳಿಯೋ."

ಅವರು ಕೂತ ಮೇಲೆ ಗೊತ್ತಾಯಿತು ರಿವರ್ಸ್ ಎಂದರೆ ಏನು ಎಂದು. ಒಂದೊಂದು ಅಂಗಡಿಯ ಬಾಗಿಲಿಗೂ ಐಸ್ ಗಾಡಿಯನ್ನು ಹಿಂದುಹಿಂದಕ್ಕೇ ತಂದು ನಿಲ್ಲಿಸಿದ ಕೈ ಅದು. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಸೀಟಿನ ಬೆನ್ನಿನ ಮೇಲೆ, ತಲೆ ಕಿಟಕಿಯ ಹೊರಗೆ. ಓಣಿ, ತಿರುವು, ಕಿರುಸೇತುವೆ, ಎಲ್ಲವನ್ನೂ ನೀರು ಕುಡಿದ ಹಾಗೆ ದಾಟಿಸಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹುಚ್ಚರ ಹಾಗೆ ನಗುತ್ತಿದ್ದೆವು. ಐದೂ ಸೊನ್ನೆಯಾದಾಗ ಗಾಡಿ ಊರ ಹೊರಗೆ ಬಂದಿತ್ತು. ಅತ್ತೆ ನಿಲ್ಲಿಸಲಿಲ್ಲ. ಮಾವ ಹೇಳಿದ್ದ ಅದೇ ಇಳಿಜಾರನ್ನು ಹಿಂದುಹಿಂದಕ್ಕೆ ಏರಿಸಿದರು. ಸೊನ್ನೆಗಳೆಲ್ಲ ಮತ್ತೆ ಒಂಬತ್ತಾಗುವವರೆಗೆ ಏರಿಸಿ, ನೆತ್ತಿಯಲ್ಲಿ ಬ್ರೇಕ್ ಒತ್ತಿ ಇಂಜಿನ್ ಆರಿಸಿದರು.

"ಯಾರೂ ಉಸಿರು ಬಿಡ್ಬೇಡಿ," ಎಂದರು.

ಬ್ರೇಕ್ ಬಿಟ್ಟರು. ಓರಗಿತ್ತಿ ಸದ್ದಿಲ್ಲದೆ ಕೆಳಗೆ ಉರುಳಿದಳು. ಕೆಂಪಂಕಿ ಎಂಟಾಯಿತು, ಒಂಬತ್ತಾಯಿತು. ಆಮೇಲೆ ಐದೂ ಒಂಬತ್ತು ಒಟ್ಟಿಗೆ ಮೈ ಮುರಿದುಕೊಂಡು ಏಳುವ ಹಾಗೆ ಮೇಲೆದ್ದು ಸೊನ್ನೆಯಾದವು. ಒಳಗಿನಿಂದ ಲೊಚ್ ಎಂದಿತು.

ಅತ್ತೆ ಬ್ರೇಕ್ ಒತ್ತಿದರು. ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. ಅವರ ಬೆನ್ನು ಅದುರುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ನಾನು ಕೈಯಿಟ್ಟೆ. ತಲೆ ಎತ್ತಿದಾಗ ನೋಡಿದರೆ ಅಳುವೂ ಇತ್ತು, ಅದಕ್ಕಿಂತ ಹೆಚ್ಚು ನಗು ಇತ್ತು.

"ನಿಜಾನೇ ಹೇಳಿದ್ರು ಕಣೇ," ಎಂದರು. "ಸಾಯೋವರೆಗೂ ಸುಳ್ಳ ಅಂದ್ನಲ್ಲೇ ಅವರನ್ನ."

ಮೂಗು ಒರೆಸಿಕೊಂಡು ಇಂಜಿನ್ ಶುರುಮಾಡಿ ಮತ್ತೆ ರಿವರ್ಸ್ ಹಾಕಿದರು. "ಇಬ್ಬರೂ ಸ್ವಲ್ಪ ಈ ಕಡೆ ಸರೀರಿ. ಆ ಕಿಟಕಿ ಪಕ್ಕ ಅವರ ಜಾಗ. ಒಂದ್ಸಲನಾದ್ರೂ ಇಬ್ಬರೂ ಒಟ್ಟಿಗೆ ನೋಡ್ತೀವಿ."

ನಾವು ಸರಿದೆವು. ಗೇರಿನ ಕೋಲು ನನ್ನ ಮೊಣಕಾಲಿಗೆ ಒತ್ತುತ್ತಿತ್ತು, ಇವರು ಅರ್ಧ ನನ್ನ ಮಡಿಲಲ್ಲಿದ್ದರು, ಕಿಟಕಿಯ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಗಾಡಿ ಹಿಂದುಹಿಂದಕ್ಕೆ ಮತ್ತೆ ಇಳಿಜಾರನ್ನು ಏರತೊಡಗಿತು.