ಕೈ ಜುಂ ಎಂದರೆ ಸುಮ್ಮನಿರಬೇಡಿ

ಮರವಂತೆಯ ಜಲಜ ಮೀನು ಮಾರಿ ಮನೆಗೆ ಬರುವಾಗ ಬಿಸಿಲು ನೆತ್ತಿಯಿಂದ ಇಳಿದಿರುತ್ತಿತ್ತು. ಬೆಳಿಗ್ಗೆ ಮೀನಿನ ಏಲ ಕೂಗುವಲ್ಲಿ ನಿಂತು, ಬಸ್ಸಿನಲ್ಲಿ ಬುಟ್ಟಿ ಹಿಡಿದು ನಿಂತು, ಆಮೇಲೆ ಮನೆ ಮನೆ ಸುತ್ತಿದ ಕಾಲು. ಜಗಲಿಯಲ್ಲಿ ಕುಳಿತರೆ ಏಳುವ ಮನಸ್ಸೇ ಬಾರದು. ಏಳದಿದ್ದರೆ ಒಲೆ ಉರಿಯದು.

ಹಾಗೆ ಕುಳಿತಿದ್ದ ಒಂದು ಮಧ್ಯಾಹ್ನ ಮಗಳು ಚಂದನಾ ಒಳಗಿನಿಂದ ಕೂಗಿದಳು.

"ಅಮ್ಮಾ, ಈ ಲ್ಯಾಪ್‌ಟಾಪ್ ಮುಟ್ರೆ ಕೈ ಜುಂ ಅಂತ್, ಕಾಣ್!"

ಚಂದನಾ ಬಿ.ಕಾಂ. ಓದುತ್ತಿದ್ದಳು. ಲ್ಯಾಪ್‌ಟಾಪ್ ಮುಂಬೈಯ ಸೋದರಮಾವ ಬಳಸಿ ಕೊಟ್ಟದ್ದು, ಮೈಯೆಲ್ಲ ಲೋಹದ್ದು. ಚಾರ್ಜಿಗೆ ಹಾಕಿ ಮುಟ್ಟಿದರೆ ಬೆರಳ ಮೇಲೆ ಇರುವೆ ಹರಿದಂತಾಗುತ್ತಿತ್ತು.

ಜಲಜಳ ಗಂಡ ಗಣಪ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ. ತಲೆ ಎತ್ತದೆಯೇ ಹೇಳಿದ.

"ತಗ್ಡಿನ್ ಪೆಟ್ಗಿ ಅಲ್ದಾ, ಹಾಂಗೇ ಇಪ್ಪುದ್. ಚಪ್ಲಿ ಹಾಯ್ಕಂಡ್ ಕೂಕೋ."

ಜಲಜಳಿಗೂ ಅಷ್ಟೇ ಸಾಕೆನ್ನಿಸಿತು. ಇನ್ನೊಂದು ತಲೆನೋವು ಹೊರುವ ಶಕ್ತಿ ಅವಳಲ್ಲಿ ಇರಲಿಲ್ಲ. ಚಂದನಾ ಚಪ್ಪಲಿ ಹಾಕಿಕೊಂಡಳು, ಕೈಯಡಿಗೆ ಟವೆಲ್ ಹಾಸಿದಳು. ಮಾತು ಅಲ್ಲಿಗೆ ನಿಂತಿತು.

ಕೆಲವು ದಿನ ಕಳೆದಿರಬೇಕು. ಜಲಜ ಪಾತ್ರೆ ತೊಳೆದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿದಳು. ಅಕ್ಕಿ ತಳ್ಳಲು ಗ್ರೈಂಡರಿನ ಅಂಚು ಹಿಡಿದಳು. ಹಿಡಿದ ಕೈ ಬಿಡಲಾಗಲಿಲ್ಲ. ಬಾಯಿ ತೆರೆಯಿತು, ಸ್ವರ ಬರಲಿಲ್ಲ.

ಚಂದನಾ ನೋಡಿದಳು. ಅಮ್ಮನನ್ನು ಹಿಡಿದೆಳೆಯಲು ಓಡಿದವಳು ಅರ್ಧದಲ್ಲೇ ನಿಂತಳು. ಮುಟ್ಟಿದರೆ ಕರೆಂಟ್ ತನಗೂ ಹಿಡಿಯುತ್ತದೆ. ತಿರುಗಿ ಓಡಿ ಮೇನ್ ಸ್ವಿಚ್ ಆರಿಸಿದಳು. ಜಲಜ ನೆಲಕ್ಕೆ ಕುಸಿದಳು.

ಆಸ್ಪತ್ರೆಯಲ್ಲಿ ಎದೆಬಡಿತ ಪರೀಕ್ಷಿಸಿದರು, ಸುಟ್ಟ ಅಂಗೈಗೆ ಬ್ಯಾಂಡೇಜ್ ಕಟ್ಟಿದರು. ಮರುದಿನ ಮನೆಗೆ ಕಳಿಸಿದರು. ಸುದ್ದಿ ಕೇಳಿ ಪಕ್ಕದ ಮನೆಯ ಕುಸುಮ ಬಂದಳು. ಅವಳು ಐಟಿಐಯಲ್ಲಿ ವೈರಿಂಗ್ ಪಾಠ ಮಾಡುವ ಟೀಚರ್. ಜಲಜಳ ಸ್ವಸಹಾಯ ಸಂಘದ ಗೆಳತಿ.

"ಜಲಜಕ್ಕ, ಇದ್ಕೂ ಮೊದ್ಲ್ ಮನಿಯಂಗೆ ಎಲ್ಲಾದ್ರೂ ಕೈ ಜುಂ ಅಂದಿತ್ತಾ?"

ಚಂದನಾ ಲ್ಯಾಪ್‌ಟಾಪ್ ವಿಷಯ ಹೇಳಿದಳು. ಕುಸುಮ ಅದರ ಚಾರ್ಜರಿನ ಪ್ಲಗ್ ತಿರುಗಿಸಿ ನೋಡಿದಳು.

"ಕಾಣ್ ಹೆಣೆ ಚಂದನಾ, ಚಾರ್ಜರಿಂದ ಒಂಚೂರ್ ಕರೆಂಟ್ ಲೋಹದ್ ಮೈಗೆ ಬತ್ತ್. ಅದ್ರಿಂದ ಜೀವಕ್ಕೆ ಎಂತ ಆತಿಲ್ಲೆ. ಎರಡ್ ಪಿನ್ನಿನ್ ಚಾರ್ಜರ್ ಆದ್ರೆ ಎಲ್ಲರ್ ಮನಿಯಂಗೂ ಹಾಂಗೆ ಆಪುದ್ ಇತ್ತ್. ಆದ್ರೆ ನಿಂದ್ ಮೂರ್ ಪಿನ್ನಿಂದ್. ಈ ದಪ್ಪ ಪಿನ್ ಅರ್ಥಿಂಗಿಂದ್. ಅರ್ಥಿಂಗ್ ಸಮ ಇದ್ರೆ ಆ ಕರೆಂಟ್ ಭೂಮಿಗೆ ಹೋತಿತ್ತ್, ನಿನ್ ಕೈಗೆ ಬತ್ತಿರ್ಲಿಲ್ಲೆ."

"ಹಂಗಾರೆ ಗ್ರೈಂಡರ್?" ಗಣಪ ಕೇಳಿದ.

"ಗ್ರೈಂಡರಿನ್ ಒಳ್ಗೆ ವಯರ್ ಹಾಳಾಯಿ ಪೂರ್ತಿ ಕರೆಂಟೇ ಮೈಗೆ ಬಂದಿತ್ತ್, ಗಣಪಣ್ಣ. ಅರ್ಥಿಂಗ್ ಇದ್ದಿದ್ರೆ ಫ್ಯೂಸ್ ಹೋಯಿ ಕರೆಂಟ್ ಕಡಿತಿತ್ತ್. ಇಲ್ದಿದ್ದಕ್ಕೆ ಜಲಜಕ್ಕನ್ ಮೈಮೇಲೇ ಹರ್ದ್ ಹೋಯ್ತ್."

ಗಣಪ ಒಪ್ಪಲಿಲ್ಲ. "ಮನಿ ಕಟ್ಟಿದ್ ಲಾಗಾಯ್ತ್ ಹೀಂಗೇ ಇತ್ತ್. ಇಷ್ಟ್ ವರ್ಷ ಎಂತ ಆಯ್ಲಿಲ್ಲೆ."

ಗೋಡೆಗೆ ಒರಗಿದ್ದ ಜಲಜ ಕಣ್ಣು ತೆರೆದಳು. ಜಗಳ ಮಾಡುವಷ್ಟು ತ್ರಾಣವೂ ಅವಳಿಗಿರಲಿಲ್ಲ. ಮೆಲ್ಲಗೆ ಹೇಳಿದಳು.

"ಹ್ವಾಯ್, ನಾನ್ ಸತ್ತಿದ್ರೆ ಆಗ ಆಯ್ತ್ ಅಂತಿದ್ರ್ಯಾ? ಹೊರ್ಗೆ ದುಡ್ದ್ ಸಾಕಾಯಿ ಬತ್ತೆ. ನನ್ ಅಡ್ಗಿಮನಿಯಂಗೂ ಹೆದ್ರ್ಕಂಡ್ ಕೈ ಹಾಕ್ಕಾ? ನಂಗ್ ಆತಿಲ್ಲೆ."

ಗಣಪ ಎದ್ದು ಕುಸುಮಳ ಜೊತೆ ಮನೆಯ ಹಿಂದೆ ಹೋದ. ಅಲ್ಲಿ ಅರ್ಥಿಂಗ್ ಪೈಪು ಮಣ್ಣಿನಿಂದ ಗೇಣುದ್ದ ಮೇಲೆದ್ದು ನಿಂತಿತ್ತು. ಬಲೆ ಒಣಗಿಸಲು ಅದಕ್ಕೆ ಅವನೇ ಹಗ್ಗ ಬಿಗಿದಿದ್ದ. ಮನೆಯಿಂದ ಬಂದ ತಂತಿ ಉಪ್ಪುಗಾಳಿಗೆ ತುಕ್ಕು ಹಿಡಿದು, ಹಗ್ಗದ ಜಗ್ಗಾಟಕ್ಕೆ ಪೈಪಿನಿಂದ ಕಳಚಿ, ಹುಲ್ಲಿನಲ್ಲಿ ಬಿದ್ದಿತ್ತು. ಯಾವಾಗ ಕಳಚಿತೋ ಯಾರಿಗೂ ಗೊತ್ತಿಲ್ಲ.

"ಕಡ್ಲ್ ಬದಿ ಮನಿಗೆ ಇದನ್ನ್ ಆಗಾಗ ಕಾಂಬುಕೇ ಬೇಕ್," ಎಂದಳು ಕುಸುಮ. "ನೀವೇ ಕಟ್ಟುಕ್ ಹೋಪ್ದ್ ಬೇಡ. ಲೈಸೆನ್ಸ್ ಇಪ್ಪು ಎಲೆಕ್ಟ್ರಿಷಿಯನ್ನ್ ಕರೀನಿ."

ಗಣಪ ಕರೆದ. ಎಲೆಕ್ಟ್ರಿಷಿಯನ್ ರಾಜೀವ ಬಂದು ಹೊಸ ಗುಂಡಿ ತೋಡಿಸಿದ, ಹೊಸ ಪೈಪು ಇಳಿಸಿದ, ತಂತಿ ಬಿಗಿದ, ಒಂದೊಂದು ಪ್ಲಗ್ಗಿಗೂ ಮೀಟರ್ ಹಿಡಿದು ನೋಡಿದ. ಮೇನ್ ಸ್ವಿಚ್ಚಿನ ಪಕ್ಕ ಆರ್‌ಸಿಸಿಬಿ ಎಂಬ ಸಣ್ಣ ಪೆಟ್ಟಿಗೆ ಕೂರಿಸಿದ. ಎಲ್ಲಾದರೂ ಕರೆಂಟ್ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅದರ ಟೆಸ್ಟ್ ಬಟನ್ ಒತ್ತಲು ಗಣಪನಿಗೇ ಹೇಳಿದ. ಒತ್ತಿದ ಕೂಡಲೇ ಟಪ್ ಎಂದಿತು.

"ಹೋಯ್ ಕಾಣ್, ಫ್ಯಾನ್ ನಿಂತ್ತ್!" ಗಣಪ ಕೂಗಿದ.

"ಕಂಡೆ. ಈಗ ಮತ್ತೆ ಹಾಕಿ, ಸೆಕಿ ಆತ್ತ್," ಎಂದಳು ಜಲಜ. ಮನೆಯವರೆಲ್ಲ ನಕ್ಕರು.

ಚಂದನಾ ಈಗ ಟವೆಲ್ ಇಲ್ಲದೆ ಟೈಪ್ ಮಾಡುತ್ತಾಳೆ. ಗ್ರೈಂಡರ್ ರಿಪೇರಿಯಾಗಿ ಬಂತು. ಆದರೂ ಜಲಜ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಕೈ ಒರೆಸಿಕೊಂಡು, ಆಮೇಲೇ ಸ್ವಿಚ್ ಹಾಕುತ್ತಾಳೆ. ಆ ಹೆದರಿಕೆ ಹೋಗಲು ದಿನ ಬೇಕು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಲ್ಯಾಪ್‌ಟಾಪ್, ಫ್ರಿಜ್ಜು, ಮಿಕ್ಸಿ, ಪಂಪು, ಯಾವುದನ್ನು ಮುಟ್ಟಿದಾಗ ಕೈ ಜುಂ ಎಂದರೂ ಚಪ್ಪಲಿ ಹಾಕಿಕೊಂಡು ಮರೆಯಬೇಡಿ. ಪ್ಲಗ್ಗಿನ ಮೂರನೇ ಪಿನ್ ಮುರಿದು ಎಸೆಯಬೇಡಿ. ಅರ್ಥಿಂಗ್ ಪೈಪಿಗೆ ಬಟ್ಟೆ, ಬಲೆ ಒಣಗಿಸುವ ಹಗ್ಗ ಕಟ್ಟಬೇಡಿ. ಯಾರಿಗಾದರೂ ಶಾಕ್ ಹಿಡಿದರೆ ಮುಟ್ಟುವ ಮೊದಲು ಮೇನ್ ಆರಿಸಿ. ಆರ್‌ಸಿಸಿಬಿ ಇದ್ದರೆ ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ನೋಡಿ.

ದುಡಿದು ದಣಿದು ಬರುವ ಜೀವ ನಿಮ್ಮ ಮನೆಯಲ್ಲೂ ಇದೆ. ಎಷ್ಟೋ ಸಲ ಅವಳು ಒದ್ದೆ ಕೈಯಲ್ಲೇ ಸ್ವಿಚ್ ಹಾಕುತ್ತಾಳೆ, ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತಿಲ್ಲ. ಅವಳಿಗಾಗಿಯಾದರೂ ಇವತ್ತೇ ಅರ್ಥಿಂಗ್ ಪರೀಕ್ಷೆ ಮಾಡಿಸಿ.