ಕೆಳಗಿನ ಶ್ರುತಿ

"ಡಾಕ್ಟ್ರು ಇವತ್ತಿಂದ ಹಾಡ್ಬಹುದು ಅಂದ್ರಲ್ಲ, ಇನ್ನೂ ಯಾಕೆ ಬಾಯಿಗೆ ಬೀಗ?"

ಓಪಲ್ ತಲೆಯೆತ್ತದೆ ಹುರುಳಿಕಾಯಿಯ ನಾರು ತೆಗೆಯುತ್ತಲೇ ಕೇಳಿದಳು. ಅಡುಗೆಮನೆಯ ಮೇಜಿನ ಆಚೆ ಬದಿ ಮಗಳು ಆರ್ಲೀನ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಟಲಿನ ಗಂಟು ತೆಗೆಸಿ ಆರು ವಾರವಾಗಿತ್ತು. ಮೊದಮೊದಲು ಮಾತೇ ಇಲ್ಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುವುದು. ಆಮೇಲೆ ಅಳೆದು ಸುರಿದು ನಾಲ್ಕು ಮಾತು.

ಆರ್ಲೀನ್‌ಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಗಂಟಲೊಳಗೆ ಈಗ ಯಾರಿದ್ದಾರೋ!

ಹದಿನೈದನೇ ವಯಸ್ಸಿನಲ್ಲಿ, ಗಣಿಗಿಳಿದ ಅಪ್ಪನನ್ನು ಕಾಯುವ ಹಾಡೊಂದನ್ನು ಅವಳು ಹಾಡುಗಾರರ ಊರಾದ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡಿಗೆ ಹಾಡಿ ಬಂದಿದ್ದಳು. ಕೊನೆಯಲ್ಲಿ 'ಅಪ್ಪಾ' ಎಂಬ ಕರೆ ಸರ್ರನೆ ಮೇಲೇರಿ, ತುದಿಯಲ್ಲಿ ಸಣ್ಣಗೆ ಒಡೆಯುತ್ತಿತ್ತು. ಆ ಬೇಸಿಗೆಯಲ್ಲಿ ಕೆಂಟಕಿಯ ಯಾವ ಲಾರಿಯ ರೇಡಿಯೊ ಹಾಕಿದರೂ ಅದೇ. ಅಲ್ಲಿಂದ ಇಪ್ಪತ್ತೆಂಟು ವರ್ಷ, ಎಲ್ಲಿ ಹೋದರೂ ಜನ ಕೇಳಿದ್ದು ಆ ಹದಿನೈದರ ಹುಡುಗಿಯನ್ನೇ. ಅಪ್ಪ ತೀರಿಕೊಂಡರು, ಮದುವೆ ಮುರಿಯಿತು, ಸೊಂಟ ದಪ್ಪವಾಯಿತು. ಹಾಡಿನ ಶ್ರುತಿ ಮಾತ್ರ ಕದಲಲಿಲ್ಲ.

ಆರ್ಲೀನ್ ಕಣ್ಣು ಮುಚ್ಚಿ ಆ ಹಾಡನ್ನೇ ಎತ್ತಿಕೊಂಡಳು. ಕರೆಯ ಹತ್ತಿರ ಬಂದಾಗ ದನಿ ಏರಲಿಲ್ಲ, ಬರೀ ಉಸಿರು. ಮತ್ತೊಮ್ಮೆ ಪ್ರಯತ್ನಿಸಿದಳು. ಉಸಿರೇ. ಓಪಲ್‌ಳ ಕೈ ನಿಂತಿತು.

ಮೂರನೆಯ ಸಲ ಆರ್ಲೀನ್ ಮೇಲೇರುವ ಗೋಜಿಗೇ ಹೋಗದೆ ಕೆಳಗಿಳಿದಳು. ಒರಟಾದ, ತುಂಬಿದ ದನಿಯೊಂದು ಎದೆಯಿಂದ ಎದ್ದು ಬಂತು.

"ಇದ್ಯಾರಮ್ಮಾ?" ಎಂದಳು, ನಗು ತಡೆಯಲಾರದೆ.

"ನಿಮ್ಮಪ್ಪ ಬಚ್ಚಲಲ್ಲಿ ಹಾಡ್ದಂಗಿದೆ." ಓಪಲ್ ಮೂಗೊರೆಸಿಕೊಂಡಳು. "ಆ ಹುಡುಗಿ ನನಗೂ ಸಾಕಾಗಿದ್ಲು ಕಣೆ. ನಿಂಗೆ ಹೇಳೋ ಧೈರ್ಯ ಇರ್ಲಿಲ್ಲ."

ಅಷ್ಟರಲ್ಲಿ ಫೋನ್. ಆರ್ಲೀನ್‌ಳ ಕಾರ್ಯಕ್ರಮಗಳನ್ನು ಗೊತ್ತುಮಾಡುವ ವೆಂಡಲ್.

"ಏನಾಯ್ತು? ಬರುತ್ತೆ ತಾನೇ?"

"ಬರಲ್ಲ."

"ಅಯ್ಯೋ, ಶನಿವಾರಕ್ಕೆ ನಿನ್ನ ಹೆಸರು ಹಾಕ್ಸಿಬಿಟ್ಟಿದೀನಲ್ಲೇ!"

"ಶನಿವಾರ ನಾನು ಬರ್ತೀನಿ, ವೆಂಡಲ್. ಆ 'ಅಪ್ಪಾ' ಅನ್ನೋ ಕರೆ ಬರಲ್ಲ." ಅವನು ಇನ್ನೇನೋ ಅನ್ನುವ ಮೊದಲೇ ಇಟ್ಟುಬಿಟ್ಟಳು.

"ಜನ ಎದ್ದು ಹೋದ್ರೆ?" ಎಂದಳು ಓಪಲ್.

"ಹೋಗ್ಲಿ. ಎಷ್ಟು ಜನ ಕೂತಿರ್ತಾರೆ ಅಂತ ನೋಡ್ಬೇಕು ನಂಗೆ."

ಆರ್ಲೀನ್ ಗಿಟಾರಿನ ದಪ್ಪ ತಂತಿಯ ಬಿರಡೆ ಸಡಿಲಿಸಿ, ಶ್ರುತಿ ತಗ್ಗಿಸಿ ಮೀಟಿದಳು. ಮೇಜಿನ ಮೇಲಿನ ಪಿಂಗಾಣಿ ಬಟ್ಟಲು ಸಣ್ಣಗೆ ನಡುಗಿತು. ಅವಳು ಅದನ್ನೇ ನೋಡುತ್ತ, ಬಿರಡೆಯನ್ನು ಇನ್ನೂ ಅರ್ಧ ಸುತ್ತು ಸಡಿಲಿಸಿದಳು.